ಎಳೆಯ ಮಕ್ಕಳಿಗೆ ಪೂಜೆಯ ಪಾಠ: ಇಂಗ್ಲೆಂಡಿನ ಶಾಲೆಗಳ ಅನುಭವ

ದೇವರು, ನಂಬಿಕೆ, ಪೂಜೆ ಇವುಗಳನ್ನು ಕುರಿತು ಆರೇಳು ವರ್ಷದ ಮಗುವಿಗೆ ಏನನ್ನು ಹೇಳಬೇಕು, ಹೇಗೆ ಹೇಳಬೇಕು ಎಂಬ ಪ್ರಶ್ನೆ ನಮ್ಮ ನಾಡಿನ ಉಪಾಧ್ಯಾಯರಿಗೆ ದೊಡ್ಡದಾಗಿ ಕಾಣುವುದಿಲ್ಲ. ಮಗು ಶಾಲೆಯ ಮೆಟ್ಟಿಲು ಹತ್ತುವ ಮೊದಲೇ ಮನೆಯ ದೇವರ ಜಗಲಿಯ ಮುಂದೆ ಕೈಮುಗಿಯಲು ಕಲಿತಿರುತ್ತದೆ. ಅಜ್ಜಿಯ ಬೆರಳು ಹಿಡಿದು ಜಾತ್ರೆಗೆ ಹೋಗಿರುತ್ತದೆ. ತೇರಿಗೆ ಉತ್ತತ್ತಿ ಎಸೆದಿರುತ್ತದೆ. ವಿಭೂತಿಯ ತಂಪನ್ನು ಹಣೆಯ ಮೇಲೆ ಅರಿತಿರುತ್ತದೆ. ಹೀಗೆ ಕಣ್ಣು ಕಿವಿಗಳ ಮೂಲಕ ತಾನಾಗಿಯೇ ಒಳಗಿಳಿದುದನ್ನು ಶಾಲೆಯು ಮತ್ತೆ ಕಲಿಸಬೇಕಾದುದೇನಿದೆ ಎಂದು ನಾವು ಸುಮ್ಮನಿರುವುದು ಸಹಜ.

ಇದೇ ವಿಷಯವನ್ನು ದೇವಸ್ಥಾನದ ಗಂಟೆಯ ದನಿಯನ್ನೇ ಕೇಳದ ಮಕ್ಕಳಿಗೆ, ಆ ಧರ್ಮಕ್ಕೆ ಸೇರದ ಉಪಾಧ್ಯಾಯರು ಕಲಿಸಬೇಕಾಗಿ ಬಂದರೆ ಏನಾದೀತು? ಇಂಗ್ಲೆಂಡಿನ ಪ್ರಾಥಮಿಕ ಶಾಲೆಗಳಲ್ಲಿ ಕಳೆದ ಅರ್ಧ ಶತಮಾನದಿಂದ ನಡೆದಿರುವುದು ಇದೇ. ಅಲ್ಲಿ ಹಿಂದೂ ನಂಬಿಕೆ ಮತ್ತು ಪೂಜೆಗಳ ಪಾಠ ಹೇಗೆ ಬಂದಿತು, ಅದರಲ್ಲಿ ಯಾವ ದೋಷಗಳು ಕಂಡುಬಂದವು, ಅವುಗಳನ್ನು ಹೇಗೆ ತಿದ್ದಿಕೊಂಡರು ಎಂಬುದನ್ನು ತಿಳಿಯುವುದು ನಮಗೂ ಪ್ರಯೋಜನಕರ. ದೂರದವರು ನಮ್ಮ ಮನೆಯನ್ನು ವರ್ಣಿಸುವಾಗ ನಾವು ಗಮನಿಸದೆ ಬಿಟ್ಟ ಕಂಬಗಳೂ ಕಿಂಡಿಗಳೂ ನಮ್ಮ ಕಣ್ಣಿಗೆ ಬೀಳುತ್ತವೆ.

ಕಾನೂನಿನ ಹಿನ್ನೆಲೆ

ಇಂಗ್ಲೆಂಡಿನಲ್ಲಿ ಧಾರ್ಮಿಕ ಶಿಕ್ಷಣವು ಸರ್ಕಾರಿ ಶಾಲೆಗಳಲ್ಲಿಯೂ ಕಡ್ಡಾಯವಾಗಿದೆ. 1944ರ ಶಿಕ್ಷಣ ಶಾಸನವು ಇದನ್ನು ವಿಧಿಸಿತು. ಪಠ್ಯವು ಇಡೀ ದೇಶಕ್ಕೆ ಒಂದೇ ಆಗಿರಲಿಲ್ಲ. ಆಯಾ ಸ್ಥಳೀಯ ಆಡಳಿತವು ಚರ್ಚುಗಳ ಮತ್ತು ಉಪಾಧ್ಯಾಯರ ಪ್ರತಿನಿಧಿಗಳೊಡನೆ ಕುಳಿತು ಒಪ್ಪಿದ ‘ಸಮ್ಮತ ಪಠ್ಯಕ್ರಮ’ವನ್ನು ಅನುಸರಿಸಬೇಕಾಗಿತ್ತು. ತಂದೆತಾಯಿಗಳು ಬಯಸಿದರೆ ಮಗುವನ್ನು ಆ ಪಾಠದಿಂದ ಹಿಂದಕ್ಕೆ ಕರೆದುಕೊಳ್ಳುವ ಹಕ್ಕನ್ನೂ ಕಾನೂನು ಕೊಟ್ಟಿತು. ಆ ಹಕ್ಕು ಇಂದಿಗೂ ಉಳಿದಿದೆ. ಅಂದಿನ ದಿನಗಳಲ್ಲಿ ಧಾರ್ಮಿಕ ಶಿಕ್ಷಣವೆಂದರೆ ಬಹುಮಟ್ಟಿಗೆ ಬೈಬಲ್ಲಿನ ಪಾಠವೇ ಆಗಿತ್ತು.

ಮುಂದಿನ ಮೂರು ದಶಕಗಳಲ್ಲಿ ತರಗತಿಯ ಮುಖ ಬದಲಾಯಿತು. ಗುಜರಾತ್ ಮತ್ತು ಪಂಜಾಬಿನಿಂದ ನೇರವಾಗಿಯೂ, ಕೀನ್ಯಾದಿಂದ 1960ರ ದಶಕದ ಕೊನೆಯಲ್ಲಿಯೂ, ಇದಿ ಅಮೀನನ ಆಜ್ಞೆಯಿಂದ ಹೊರದೂಡಲ್ಪಟ್ಟು ಉಗಾಂಡಾದಿಂದ 1972ರಲ್ಲಿಯೂ ಹಿಂದೂ ಕುಟುಂಬಗಳು ಬಂದು ನೆಲೆಸಿದವು. ಲೆಸ್ಟರ್, ಬರ್ಮಿಂಗ್‌ಹ್ಯಾಮ್, ಕೊವೆಂಟ್ರಿ ಹಾಗೂ ಲಂಡನ್ನಿನ ಬ್ರೆಂಟ್ ಮತ್ತು ಹ್ಯಾರೋ ಪ್ರದೇಶಗಳ ಶಾಲೆಗಳಲ್ಲಿ ಒಂದೇ ಬೆಂಚಿನ ಮೇಲೆ ನಾಲ್ಕು ಧರ್ಮಗಳ ಮಕ್ಕಳು ಕುಳಿತರು. ಬೈಬಲ್ಲೊಂದನ್ನೇ ಬೋಧಿಸಿ ಮುಗಿಸುವುದು ಸಾಧ್ಯವಿಲ್ಲವೆಂಬುದು ಉಪಾಧ್ಯಾಯರಿಗೆ ಮನವರಿಕೆಯಾಯಿತು.

ಈ ಬದಲಾವಣೆಗೆ ಶಾಸ್ತ್ರೀಯ ತಳಹದಿಯನ್ನು ಹಾಕಿಕೊಟ್ಟವರಲ್ಲಿ ನಿನಿಯನ್ ಸ್ಮಾರ್ಟ್ ಅವರು ಪ್ರಮುಖರು. ಅವರು 1967ರಲ್ಲಿ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದಲ್ಲಿ ಧರ್ಮಗಳ ಅಧ್ಯಯನ ವಿಭಾಗವನ್ನು ಆರಂಭಿಸಿದರು. ಧರ್ಮವೆಂಬುದು ಸಿದ್ಧಾಂತವೊಂದೇ ಅಲ್ಲ. ಆಚರಣೆ, ಪುರಾಣಕಥೆ, ನೀತಿ, ಅನುಭವ, ಸಮಾಜ ಎಂಬ ಮುಖಗಳೂ ಅದಕ್ಕಿವೆ ಎಂದು ಅವರು ತೋರಿಸಿದರು. ವಿದ್ಯಾರ್ಥಿಯು ತನ್ನ ತೀರ್ಪನ್ನು ಸ್ವಲ್ಪ ಕಾಲ ಬದಿಗಿಟ್ಟು, ನಂಬುವವನ ಕಣ್ಣಿನಿಂದ ನೋಡಲು ಯತ್ನಿಸಬೇಕೆಂಬುದು ಅವರ ವಿಧಾನದ ಸಾರ. 1975ರಲ್ಲಿ ಬರ್ಮಿಂಗ್‌ಹ್ಯಾಮ್ ನಗರವು ಹಲವು ಧರ್ಮಗಳನ್ನೊಳಗೊಂಡ ಸಮ್ಮತ ಪಠ್ಯಕ್ರಮವನ್ನು ಪ್ರಕಟಿಸಿದಾಗ ದೊಡ್ಡ ವಾದವಿವಾದವೇ ನಡೆಯಿತು. 1985ರ ಸ್ವಾನ್ ಸಮಿತಿಯ ವರದಿ ಈ ದಾರಿಯನ್ನೇ ಎತ್ತಿಹಿಡಿಯಿತು.

ಕೊನೆಗೆ 1988ರ ಶಿಕ್ಷಣ ಸುಧಾರಣಾ ಶಾಸನವು ಇದಕ್ಕೆ ಕಾನೂನಿನ ರೂಪ ಕೊಟ್ಟಿತು. ದೇಶದ ಧಾರ್ಮಿಕ ಪರಂಪರೆ ಮುಖ್ಯವಾಗಿ ಕ್ರೈಸ್ತವೆಂಬುದನ್ನು ಹೊಸ ಪಠ್ಯಕ್ರಮಗಳು ಬಿಂಬಿಸಬೇಕು, ಜೊತೆಗೆ ಅಲ್ಲಿರುವ ಇತರ ಪ್ರಮುಖ ಧರ್ಮಗಳ ಬೋಧನೆ ಮತ್ತು ಆಚರಣೆಗಳನ್ನೂ ಗಣನೆಗೆ ತೆಗೆದುಕೊಳ್ಳಬೇಕು ಎಂದು ಅದು ವಿಧಿಸಿತು. ಪ್ರತಿಯೊಂದು ಸ್ಥಳೀಯ ಆಡಳಿತವೂ ಧಾರ್ಮಿಕ ಶಿಕ್ಷಣಕ್ಕಾಗಿ ಒಂದು ಸ್ಥಾಯೀ ಸಲಹಾ ಮಂಡಳಿಯನ್ನು ಹೊಂದಿರಬೇಕಾಯಿತು. ಹಿಂದೂ ಸಮಾಜವಿರುವ ಊರುಗಳಲ್ಲಿ ಹಿಂದೂ ಪ್ರತಿನಿಧಿಗಳೂ ಅದರಲ್ಲಿ ಕುಳಿತರು. 1994ರಲ್ಲಿ ಆರು ಧರ್ಮಗಳ ಮಾದರಿ ಪಠ್ಯಕ್ರಮಗಳು ಹೊರಬಂದಾಗ ಆಯಾ ಧರ್ಮದವರ ಸಲಹೆಯನ್ನು ಪಡೆದೇ ಅವುಗಳನ್ನು ಸಿದ್ಧಪಡಿಸಲಾಗಿತ್ತು. 2021ರ ಜನಗಣತಿಯಂತೆ ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ ಹತ್ತು ಲಕ್ಷಕ್ಕೂ ಮೇಲ್ಪಟ್ಟು ಹಿಂದೂಗಳಿದ್ದಾರೆ. ಜನಸಂಖ್ಯೆಯಲ್ಲಿ ಇದು ನೂರಕ್ಕೆ 1.7ರಷ್ಟು. ಆದುದರಿಂದ ಇಂದಿಗೂ ಅಲ್ಲಿಯ ಎಷ್ಟೋ ತರಗತಿಗಳಲ್ಲಿ ಒಬ್ಬ ಹಿಂದೂ ಮಗುವೂ ಇರುವುದಿಲ್ಲ. ಆದರೂ ಆ ಪಾಠ ನಡೆಯುತ್ತದೆ.

ತರಗತಿಯಲ್ಲಿ ನಡೆಯುವುದೇನು?

ಐದರಿಂದ ಏಳು ವರ್ಷದವರೆಗಿನ ಮಕ್ಕಳದು ಮೊದಲ ಹಂತ. ಏಳರಿಂದ ಹನ್ನೊಂದರವರೆಗಿನವರದು ಎರಡನೆಯ ಹಂತ. ಮೊದಲ ಹಂತದಲ್ಲಿ ಸಿದ್ಧಾಂತದ ಮಾತು ಬಹುಮಟ್ಟಿಗೆ ಬರುವುದಿಲ್ಲ. ದೀಪಾವಳಿಯ ಕಥೆಯನ್ನು, ಎಂದರೆ ರಾಮಸೀತೆಯರು ಅಯೋಧ್ಯೆಗೆ ಮರಳಿದ ಕಥೆಯನ್ನು ಹೇಳುತ್ತಾರೆ. ಮಕ್ಕಳು ಜೇಡಿಮಣ್ಣಿನಿಂದ ಹಣತೆ ಮಾಡುತ್ತಾರೆ, ಬಣ್ಣದಿಂದ ರಂಗೋಲಿ ಬಿಡಿಸುತ್ತಾರೆ. ಅನಂತರ ಪೂಜೆಯ ತಟ್ಟೆ ಬರುತ್ತದೆ. ಗಂಟೆ, ಆರತಿಯ ದೀಪ, ಊದುಬತ್ತಿಯ ಗೂಡು, ಕುಂಕುಮದ ಬಟ್ಟಲು, ನೀರಿನ ಪಾತ್ರೆ ಮತ್ತು ಉದ್ಧರಣೆ, ಪ್ರಸಾದದ ಬಟ್ಟಲು ಇವುಗಳನ್ನು ಒಂದು ತಟ್ಟೆಯಲ್ಲಿ ಜೋಡಿಸಿ ಶಾಲೆಗಳಿಗೆಂದೇ ಮಾರುವ ಅಂಗಡಿಗಳು ಅಲ್ಲಿವೆ. ಉಪಾಧ್ಯಾಯರು ಒಂದೊಂದನ್ನೇ ಎತ್ತಿ ತೋರಿಸಿ, ‘ಇದು ನಿಮ್ಮ ಯಾವ ಇಂದ್ರಿಯಕ್ಕೆ ಸೇರಿದ್ದು?’ ಎಂದು ಕೇಳುತ್ತಾರೆ. ಗಂಟೆ ಕಿವಿಗೆ, ದೀಪ ಕಣ್ಣಿಗೆ, ಧೂಪ ಮೂಗಿಗೆ, ಪ್ರಸಾದ ನಾಲಗೆಗೆ, ಕುಂಕುಮ ಸ್ಪರ್ಶಕ್ಕೆ. ಪೂಜೆಯೆಂಬುದು ಇಡೀ ಮನುಷ್ಯನನ್ನು ತೊಡಗಿಸುವ ಕ್ರಿಯೆಯೆಂಬ ಗಂಭೀರ ವಿಚಾರವನ್ನು ಆರು ವರ್ಷದ ಮಗು ಐದು ಬೆರಳುಗಳ ಮೇಲೆ ಎಣಿಸಿ ತಿಳಿಯುತ್ತದೆ.

ಎರಡನೆಯ ಹಂತದಲ್ಲಿ ‘ಏಕೆ’ ಎಂಬ ಪ್ರಶ್ನೆ ಮುಂದೆ ಬರುತ್ತದೆ. ಮನೆಯ ಪೂಜೆಗೂ ಮಂದಿರದ ಪೂಜೆಗೂ ಇರುವ ವ್ಯತ್ಯಾಸ, ಮೂರ್ತಿಯ ಅರ್ಥ, ಓಂಕಾರ, ಕರ್ಮ, ಪುನರ್ಜನ್ಮ ಇವು ಪಾಠಕ್ಕೆ ಸೇರುತ್ತವೆ. ಬ್ರಹ್ಮವಸ್ತುವಿನ ವಿಚಾರವನ್ನು ತಿಳಿಸಲು ಛಾಂದೋಗ್ಯ ಉಪನಿಷತ್ತಿನಲ್ಲಿ ಬರುವ ಉದ್ದಾಲಕ ಮತ್ತು ಶ್ವೇತಕೇತುವಿನ ಉಪ್ಪಿನ ದೃಷ್ಟಾಂತವನ್ನು ಬಳಸುವುದುಂಟು. ಲೋಟದ ನೀರಿನಲ್ಲಿ ಉಪ್ಪು ಹಾಕಿ ಕದಡಿದರೆ ಉಪ್ಪು ಕಾಣುವುದಿಲ್ಲ. ಯಾವ ಕಡೆಯಿಂದ ಸವಿದರೂ ಉಪ್ಪೇ. ಕಾಣದಿದ್ದರೂ ಎಲ್ಲೆಡೆ ಇರುವುದು ಹೇಗೆ ಎಂಬುದು ಮಗುವಿಗೆ ನಾಲಗೆಯಿಂದಲೇ ತಿಳಿಯುತ್ತದೆ. ಸಾಧ್ಯವಿರುವ ಕಡೆ ಮಕ್ಕಳನ್ನು ಮಂದಿರಕ್ಕೆ ಕರೆದೊಯ್ಯುತ್ತಾರೆ. 1995ರಲ್ಲಿ ತೆರೆದ ಲಂಡನ್ನಿನ ನೀಸ್ಡನ್ ಬಡಾವಣೆಯ ಸ್ವಾಮಿನಾರಾಯಣ ಮಂದಿರವು ಇಂಥ ಶಾಲಾ ಪ್ರವಾಸಗಳಿಗೆ ಹೆಸರಾಗಿದೆ.

ಮಕ್ಕಳು ಎರಡು ಬಗೆಯಲ್ಲಿ ಕಲಿಯಬೇಕೆಂದು ಅಲ್ಲಿನ ಶಿಕ್ಷಣತಜ್ಞರು ಹೇಳುತ್ತ ಬಂದಿದ್ದಾರೆ. ಧರ್ಮವನ್ನು ಕುರಿತು ತಿಳಿಯುವುದು ಒಂದು. ಧರ್ಮದಿಂದ ತಾನು ಕಲಿಯುವುದು ಇನ್ನೊಂದು. 2004ರ ರಾಷ್ಟ್ರೀಯ ಚೌಕಟ್ಟು ಈ ಎರಡನ್ನೂ ಗುರಿಗಳೆಂದು ಹೆಸರಿಸಿತು. ಆರತಿಯ ಅರ್ಥವೇನೆಂದು ಹೇಳುವುದು ಮೊದಲನೆಯದಕ್ಕೆ ಸೇರುತ್ತದೆ. ‘ನಿನಗೆ ಅತ್ಯಂತ ಬೆಲೆಯುಳ್ಳದ್ದು ಯಾವುದು? ಅದಕ್ಕೆ ನೀನು ಗೌರವವನ್ನು ಹೇಗೆ ತೋರಿಸುತ್ತೀ?’ ಎಂದು ಮಗುವನ್ನು ಕೇಳುವುದು ಎರಡನೆಯದಕ್ಕೆ ಸೇರುತ್ತದೆ. ಎರಡನೆಯ ಪ್ರಶ್ನೆಗೆ ಉತ್ತರಿಸಲು ಮಗು ಹಿಂದೂವಾಗಿರಬೇಕಾಗಿಲ್ಲ; ಹಿಂದೂವಾಗಬೇಕಾಗಿಯೂ ಇಲ್ಲ.

ದೋಷಗಳು ಮತ್ತು ತಿದ್ದುಪಡಿ

ಈ ಪಾಠಗಳು ಮೊದಲಿನಿಂದಲೂ ಸರಿಯಾಗಿದ್ದವೆಂದು ಯಾರೂ ಭಾವಿಸಬೇಕಾಗಿಲ್ಲ. ನಾಲ್ಕು ಬಗೆಯ ದೋಷಗಳು ಮತ್ತೆ ಮತ್ತೆ ಕಂಡುಬಂದವು. ಅವುಗಳನ್ನು ವಿವರಿಸುವುದು ಅವಶ್ಯಕ. ಏಕೆಂದರೆ ಬೋಧನೆಯ ಮರ್ಮವಿರುವುದು ಇಲ್ಲಿಯೇ.

ಮೊದಲನೆಯದು ಪದದ ದೋಷ. ಮೂರ್ತಿಗೆ ಇಂಗ್ಲಿಷಿನಲ್ಲಿ ಬಳಸುತ್ತಿದ್ದ ‘ಐಡಲ್’ ಎಂಬ ಪದಕ್ಕೆ ಬೈಬಲ್ಲಿನ ದಿನಗಳಿಂದಲೂ ನಿಂದೆಯ ವಾಸನೆ ಅಂಟಿಕೊಂಡಿದೆ. ಆ ಪದವನ್ನು ಕೇಳಿದ ಕ್ಷಣವೇ ಕ್ರೈಸ್ತ ಮನೆಯ ಮಗು ‘ಇದು ಸುಳ್ಳು ದೇವರು’ ಎಂದು ತೀರ್ಮಾನಿಸಿಬಿಡುತ್ತದೆ. ಪಾಠ ಆರಂಭವಾಗುವ ಮೊದಲೇ ಮುಗಿದುಹೋಗುತ್ತದೆ. ಆದುದರಿಂದ ಈಗ ‘ಮೂರ್ತಿ’ ಎಂಬ ನಮ್ಮ ಪದವನ್ನೇ ಅಲ್ಲಿಯ ಪಾಠಗಳಲ್ಲಿ ಉಳಿಸಿಕೊಂಡಿದ್ದಾರೆ. ಕನ್ನಡದ ‘ವಿಗ್ರಹ’ ಎಂಬ ಮಾತಿಗೆ ಅಂಥ ನಿಂದೆಯಿಲ್ಲ. ಆದರೆ ಪರಧರ್ಮದ ವಸ್ತುಗಳಿಗೆ ನಾವು ಕೊಡುವ ಹೆಸರುಗಳಲ್ಲಿ ಅದು ಇರಬಹುದೆಂಬುದನ್ನು ನಾವು ಮರೆಯಬಾರದು.

ಎರಡನೆಯದು ಒಂದೇ ಅಚ್ಚಿನ ದೋಷ. ಹಿಂದೂಗಳೆಲ್ಲರೂ ನಿರಾಕಾರವಾದ ಒಂದೇ ಬ್ರಹ್ಮವನ್ನು ನಂಬುತ್ತಾರೆ, ದೇವತೆಗಳೆಲ್ಲ ಅದರ ಮುಖಗಳು ಎಂದು ಪುಸ್ತಕಗಳು ಬರೆದವು. ಒಬ್ಬಾಕೆಯೇ ತಾಯಿಯೂ ಮಗಳೂ ಉಪಾಧ್ಯಾಯಿನಿಯೂ ಆಗಿರುವಂತೆ ಎಂಬ ಉಪಮಾನವೂ ಬಂದಿತು. ಎಳೆಯರಿಗೆ ಈ ಉಪಮಾನ ಒಪ್ಪುವಂಥದೇ. ಆದರೆ ಅದು ಅದ್ವೈತಕ್ಕೆ ಹತ್ತಿರವಾದ ಒಂದು ದೃಷ್ಟಿ. ಶೃಂಗೇರಿ, ಮೇಲುಕೋಟೆ, ಉಡುಪಿಗಳು ಒಂದೇ ನಾಡಿನಲ್ಲಿರುವುದನ್ನು ಬಲ್ಲ ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಜೀವನೂ ದೇವನೂ ಎಂದೆಂದಿಗೂ ಬೇರೆಯೆಂದು ಮಧ್ವಾಚಾರ್ಯರು ಬೋಧಿಸಿದರು. ಅವರ ಅನುಯಾಯಿಗಳಾದ ತಂದೆತಾಯಿಗಳ ಮಗು ಲಂಡನ್ನಿನ ಶಾಲೆಯಲ್ಲಿ ‘ಹಿಂದೂಗಳೆಲ್ಲರೂ ಹೀಗೆ ನಂಬುತ್ತಾರೆ’ ಎಂಬ ವಾಕ್ಯವನ್ನು ಓದಿದರೆ ಅದು ಪುಸ್ತಕವನ್ನು ನಂಬಬೇಕೇ, ಮನೆಯನ್ನು ನಂಬಬೇಕೇ?

ಇಷ್ಟಲಿಂಗದ ವಿಷಯ ಇನ್ನೂ ಸೂಕ್ಷ್ಮ. ಪೂಜೆಯೆಂದರೆ ಗುಡಿ, ಅರ್ಚಕ, ಮೂರ್ತಿ, ಆರತಿಯ ತಟ್ಟೆ ಎಂದು ಚಿತ್ರಿಸಿದ ಪಾಠದಲ್ಲಿ, ಲಿಂಗವನ್ನು ದೇಹದ ಮೇಲೆ ಧರಿಸಿ, ಅದನ್ನು ಅಂಗೈಯಲ್ಲಿರಿಸಿಕೊಂಡು ತಾನೇ ಅರ್ಚಿಸುವ ಮನೆಯ ಮಗುವಿಗೆ ತನ್ನ ಚಿತ್ರ ಸಿಗುವುದಿಲ್ಲ. ಈ ಪಥವನ್ನು ಹಿಂದೂ ಎಂಬ ಹೆಸರಿನ ಅಡಿಯಲ್ಲಿ ಎಣಿಸಬೇಕೇ, ಪ್ರತ್ಯೇಕವಾಗಿ ಎಣಿಸಬೇಕೇ ಎಂಬ ವಾದ ನಮ್ಮ ನಾಡಿನಲ್ಲಿಯೇ ಇದೆ; 2018ರಲ್ಲಿ ಅದು ರಾಜ್ಯ ಸರ್ಕಾರದ ಶಿಫಾರಸಿನವರೆಗೂ ಹೋದುದನ್ನು ಎಲ್ಲರೂ ಬಲ್ಲರು. ಆ ವಾದವನ್ನು ತೀರ್ಮಾನಿಸುವುದು ಪ್ರಾಥಮಿಕ ಶಾಲೆಯ ಉಪಾಧ್ಯಾಯರ ಕೆಲಸವಲ್ಲ. ಮಗು ಏನನ್ನು ಆಚರಿಸುತ್ತದೆಯೋ ಅದನ್ನು ಇದ್ದಂತೆ ಹೇಳುವುದು ಅವರ ಕೆಲಸ.

ಈ ದೋಷವನ್ನು ಗುರುತಿಸಿ ತೋರಿಸಿದವರಲ್ಲಿ ವಾರ್ವಿಕ್ ವಿಶ್ವವಿದ್ಯಾಲಯದ ರಾಬರ್ಟ್ ಜಾಕ್ಸನ್ ಮತ್ತು ಎಲಿನೋರ್ ನೆಸ್ಬಿಟ್ ಮುಖ್ಯರು. ಅವರು ಕೊವೆಂಟ್ರಿ ನಗರದ ಹಿಂದೂ ಮಕ್ಕಳನ್ನು ಅವರ ಮನೆಗಳಲ್ಲಿ ಕಂಡು, ಅವರ ಮಾತುಗಳನ್ನೇ ಕೇಳಿ, 1993ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದರು. ಗುಜರಾತಿ ಮನೆಯ ಪದ್ಧತಿ ಒಂದು, ಪಂಜಾಬಿ ಮನೆಯದು ಇನ್ನೊಂದು. ಪುಸ್ತಕದ ಹಿಂದೂ ಧರ್ಮಕ್ಕೂ ಮನೆಯ ಹಿಂದೂ ಧರ್ಮಕ್ಕೂ ಇರುವ ಅಂತರ ಅದರಿಂದ ಬೆಳಕಿಗೆ ಬಂದಿತು. ಇದರ ಪರಿಣಾಮವಾಗಿ ‘ಹಿಂದೂಗಳು ಹೀಗೆ ಮಾಡುತ್ತಾರೆ’ ಎಂಬುದರ ಬದಲು ‘ಅನೇಕ ಹಿಂದೂಗಳು’, ‘ಕೆಲವು ಮನೆಗಳಲ್ಲಿ’, ‘ಈ ಕುಟುಂಬದಲ್ಲಿ’ ಎಂದು ಹೇಳುವ ರೂಢಿ ಬೆಳೆಯಿತು. ಎರಡು ಮೂರು ಪದಗಳ ಬದಲಾವಣೆಯಷ್ಟೇ. ಆದರೆ ಸತ್ಯವು ಎಷ್ಟೋ ಸಲ ಇಷ್ಟೇ ಸಣ್ಣ ಪದಗಳಲ್ಲಿ ಅಡಗಿರುತ್ತದೆ.

ಮೂರನೆಯದು ತರಗತಿಯ ಹಿಂದೂ ಮಗುವನ್ನೇ ವಸ್ತುಪ್ರದರ್ಶನವನ್ನಾಗಿ ಮಾಡುವ ದೋಷ. ‘ನೀನು ಹಿಂದೂ ಅಲ್ಲವೆ? ನೀನೇ ಹೇಳು’ ಎಂದು ಉಪಾಧ್ಯಾಯರು ಒಳ್ಳೆಯ ಮನಸ್ಸಿನಿಂದಲೇ ಕೇಳುತ್ತಾರೆ. ಎಂಟು ವರ್ಷದ ಬಾಲಕಿಯೊಬ್ಬಳು ಸಾವಿರಾರು ವರ್ಷಗಳ ಪರಂಪರೆಯ ವಕ್ತಾರಳಾಗಿ ನಿಲ್ಲಬೇಕಾಗುತ್ತದೆ. ಅವಳಿಗೆ ಗೊತ್ತಿಲ್ಲದಿದ್ದರೆ ನಾಚಿಕೆ. ಗೊತ್ತಿದ್ದು ಅದು ಪುಸ್ತಕಕ್ಕೆ ಹೊಂದದಿದ್ದರೆ ಇನ್ನೂ ದೊಡ್ಡ ಗೊಂದಲ. ಮಗು ತಾನಾಗಿ ಹೇಳಬಯಸಿದರೆ ಆದರದಿಂದ ಕೇಳಬೇಕು. ಸುಮ್ಮನಿರಬಯಸಿದರೆ ಸುಮ್ಮನಿರಲು ಬಿಡಬೇಕು ಎಂಬುದು ಅನುಭವದಿಂದ ಬಂದ ವಿವೇಕ.

ನಾಲ್ಕನೆಯದು ಪೂಜೆಯ ಪಾಠವನ್ನು ಪೂಜೆಯಾಗಿಯೇ ಮಾಡಿಬಿಡುವ ದೋಷ. ಮಕ್ಕಳಿಂದ ತರಗತಿಯಲ್ಲಿಯೇ ಆರತಿ ಎತ್ತಿಸಿ, ನಮಸ್ಕಾರ ಮಾಡಿಸಿ, ಪ್ರಸಾದವೆಂದು ಹಂಚುವುದು ಉತ್ಸಾಹದ ಕೆಲಸವಾಗಿ ಕಾಣಬಹುದು. ಆದರೆ ಮುಸ್ಲಿಂ ಅಥವಾ ಕ್ರೈಸ್ತ ಮನೆಯ ಮಗುವಿಗೆ ಅದು ಸಂಕಟ. ನಂಬುವ ಹಿಂದೂ ಮನೆಯವರಿಗೆ ಅದು ಆಟವಾದ ಪೂಜೆ. ಇಬ್ಬರಿಗೂ ಅದರಿಂದ ನೋವು. ಆದುದರಿಂದ ವಸ್ತುಗಳನ್ನು ಗೌರವದಿಂದ ಮುಟ್ಟಿ ನೋಡುವುದು, ಅವುಗಳ ಬಳಕೆಯನ್ನು ವಿವರಿಸುವುದು, ಮಂದಿರಕ್ಕೆ ಹೋದಾಗ ಪಾದರಕ್ಷೆ ಕಳಚಿ ಮೌನವಾಗಿ ಕುಳಿತು ನೋಡುವುದು ಇಷ್ಟಕ್ಕೆ ಪಾಠದ ಗಡಿಯನ್ನು ಹಾಕಿಕೊಳ್ಳುವುದು ಲೇಸೆಂದು ಅನುಭವಿಗಳು ಕಂಡುಕೊಂಡಿದ್ದಾರೆ. ದೃಷ್ಟಾಂತಕ್ಕಾಗಿ ಸಿಹಿಯನ್ನು ಹಂಚಿದರೂ ಅದು ದೇವರಿಗೆ ಅರ್ಪಿಸಿದ್ದಲ್ಲವೆಂದು ಮೊದಲೇ ಹೇಳುವುದು ಪ್ರಾಮಾಣಿಕ ಕ್ರಮ.

ಸರ್ವನಾಮದ ಪ್ರಶ್ನೆ

ಈ ನಾಲ್ಕು ದೋಷಗಳ ಹಿಂದೆ ಇರುವುದು ಒಂದೇ ತತ್ತ್ವ. ಪೂಜೆಯನ್ನು ಕುರಿತು ತಿಳಿಸುವುದು ಬೇರೆ, ಪೂಜೆಗೆ ತೊಡಗಿಸುವುದು ಬೇರೆ. ಮೊದಲನೆಯದು ಎಲ್ಲ ಮಕ್ಕಳಿಗೂ ಸಲ್ಲಬೇಕಾದ ವಿದ್ಯೆ. ಎರಡನೆಯದು ಮಗುವಿನ ಮನೆತನಕ್ಕೂ ಗುರುವಿಗೂ ಸೇರಿದ ಸಂಸ್ಕಾರ. ಎರಡೂ ದೊಡ್ಡವೇ, ಆದರೆ ಒಂದರ ಸ್ಥಾನದಲ್ಲಿ ಇನ್ನೊಂದನ್ನು ಇಟ್ಟರೆ ಎರಡೂ ಕೆಡುತ್ತವೆ.

ಕನ್ನಡದಲ್ಲಿ ಪಾಠ ಹೇಳುವವರಿಗೆ ಈ ಭೇದವು ವ್ಯಾಕರಣದಲ್ಲಿಯೇ ಎದುರಾಗುತ್ತದೆ. ‘ಬೆಳಿಗ್ಗೆ ಮಿಂದು ದೇವರಿಗೆ ದೀಪ ಹಚ್ಚುತ್ತಾರೆ’ ಎಂದರೆ ಅದು ತಿಳಿವಳಿಕೆ. ‘ದೀಪ ಹಚ್ಚುತ್ತೇವೆ’ ಎಂದರೆ ಅದು ನಮ್ಮವರ ಬಳಗ. ‘ದೀಪ ಹಚ್ಚಬೇಕು’ ಎಂದರೆ ಅದು ವಿಧಿ. ಕ್ರಿಯಾಪದದ ಕೊನೆಯ ಪ್ರತ್ಯಯವೊಂದು ಬದಲಾದರೆ ಪಾಠದ ಸ್ವರೂಪವೇ ಬದಲಾಗುತ್ತದೆ. ನಮ್ಮ ‘ನಾವು’ ಎಂಬ ಸರ್ವನಾಮ ಎದುರು ಕುಳಿತವರನ್ನು ಒಳಗೊಳ್ಳಲೂಬಹುದು, ಹೊರಗಿಡಲೂಬಹುದು. ಉಪಾಧ್ಯಾಯರು ‘ನಾವು’ ಎಂದಾಗ ಕೊನೆಯ ಸಾಲಿನಲ್ಲಿ ಕುಳಿತ ಮುಸ್ಲಿಂ ಬಾಲಕನೂ, ಜೈನ ಬಾಲಕಿಯೂ, ಕ್ರೈಸ್ತ ಹುಡುಗನೂ ತಾವು ಆ ಮಾತಿನ ಒಳಗಿದ್ದೇವೆಯೇ ಹೊರಗಿದ್ದೇವೆಯೇ ಎಂದು ತಮ್ಮಷ್ಟಕ್ಕೆ ತಾವೇ ಅಳೆದುಕೊಳ್ಳುತ್ತಾರೆ. ಮಕ್ಕಳು ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಆದರೆ ಶಾಲೆ ತನ್ನದೋ ಪರರದೋ ಎಂಬುದನ್ನು ಮಗು ನಿರ್ಧರಿಸುವುದು ಇಂಥ ಕ್ಷಣಗಳಲ್ಲಿಯೇ.

ನಮ್ಮ ಸಂಸ್ಥೆಗಳ ಮಟ್ಟಿಗೆ

ನಮ್ಮ ದೇಶದ ವ್ಯವಸ್ಥೆ ಇಂಗ್ಲೆಂಡಿನದಕ್ಕಿಂತ ಭಿನ್ನ. ಸಂವಿಧಾನದ 28ನೆಯ ಅನುಚ್ಛೇದದಂತೆ, ಪೂರ್ಣವಾಗಿ ಸರ್ಕಾರದ ಹಣದಿಂದ ನಡೆಯುವ ಶಾಲೆಗಳಲ್ಲಿ ಧಾರ್ಮಿಕ ಬೋಧನೆ ಕೂಡದು. ಸರ್ಕಾರದ ಮನ್ನಣೆ ಅಥವಾ ನೆರವು ಪಡೆದ ಸಂಸ್ಥೆಗಳಲ್ಲಿ ಅದು ನಡೆಯಬಹುದಾದರೂ, ಯಾವ ವಿದ್ಯಾರ್ಥಿಯನ್ನೂ ಒಪ್ಪಿಗೆಯಿಲ್ಲದೆ ಅದರಲ್ಲಿಯಾಗಲಿ ಪೂಜೆ ಪ್ರಾರ್ಥನೆಗಳಲ್ಲಿಯಾಗಲಿ ತೊಡಗಿಸುವಂತಿಲ್ಲ. ಅಪ್ರಾಪ್ತ ವಯಸ್ಸಿನವರ ಪರವಾಗಿ ಪೋಷಕರು ಒಪ್ಪಿರಬೇಕು. 1964ರಿಂದ 1966ರವರೆಗೆ ಕಾರ್ಯನಡೆಸಿದ ಕೊಠಾರಿ ಆಯೋಗವು ‘ಧಾರ್ಮಿಕ ಶಿಕ್ಷಣ’ಕ್ಕೂ ‘ಧರ್ಮಗಳನ್ನು ಕುರಿತ ಶಿಕ್ಷಣ’ಕ್ಕೂ ಇರುವ ಭೇದವನ್ನು ಸ್ಪಷ್ಟವಾಗಿ ಗುರುತಿಸಿತು. 2002ರಲ್ಲಿ ಅರುಣಾ ರಾಯ್ ಅವರ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಧರ್ಮಗಳನ್ನು ಕುರಿತು ತಿಳಿಸುವುದಕ್ಕೆ ಸಂವಿಧಾನದ ಅಡ್ಡಿಯಿಲ್ಲವೆಂದು ತೀರ್ಪಿತ್ತಿತು. ಇಂಗ್ಲೆಂಡಿನ ಉಪಾಧ್ಯಾಯರು ತರಗತಿಯಲ್ಲಿ ಕಂಡುಕೊಂಡ ಗೆರೆಯನ್ನೇ ನಮ್ಮ ಆಯೋಗವೂ ನ್ಯಾಯಾಲಯವೂ ಬೇರೆ ದಾರಿಯಿಂದ ಬಂದು ಎಳೆದಿವೆ.

ಮಠಗಳು ನಡೆಸುವ ಶಾಲೆಯ ಸ್ಥಾನ ಇಲ್ಲಿ ವಿಶೇಷವಾದುದು. ಇಂಗ್ಲೆಂಡಿನಲ್ಲಿಯೂ ಧರ್ಮಸಂಸ್ಥೆಗಳ ಶಾಲೆಗಳಿವೆ. ಸರ್ಕಾರದ ಹಣದಿಂದ ನಡೆಯುವ ಮೊದಲ ಹಿಂದೂ ಪ್ರಾಥಮಿಕ ಶಾಲೆ ಹ್ಯಾರೋದಲ್ಲಿ 2008ರಲ್ಲಿ ಆರಂಭವಾಯಿತು. ಅಂಥ ಶಾಲೆಗೆ ತನ್ನ ಶ್ರದ್ಧೆಯನ್ನು ಮರೆಮಾಚುವ ಅಗತ್ಯವಿಲ್ಲ. ಮಠದ ಶಾಲೆಗೂ ಇಲ್ಲ. ಬೆಳಗಿನ ಪ್ರಾರ್ಥನೆ, ವಚನಪಠಣ, ದಾಸೋಹ ಇವು ಇಲ್ಲಿಯ ಉಸಿರು. ಆದರೆ ಕನ್ನಡ ನಾಡಿನ ಮಠಗಳು ಅನ್ನ ಅಕ್ಷರಗಳನ್ನು ಸ್ವಮತದವರಿಗಷ್ಟೇ ಮೀಸಲಿಟ್ಟವಲ್ಲ. ತುಮಕೂರಿನ ಸಿದ್ಧಗಂಗೆಯ ಪಂಕ್ತಿಯಲ್ಲಿ ಎಲ್ಲ ಜಾತಿಮತಗಳ ಮಕ್ಕಳೂ ಕುಳಿತು ಉಂಡಿದ್ದಾರೆ, ಓದಿದ್ದಾರೆ. ಪಂಕ್ತಿಯಲ್ಲಿ ಭೇದ ಮಾಡದ ಸಂಸ್ಥೆ ಪಾಠದಲ್ಲಿಯೂ ಮಗುವನ್ನು ಹೊರಗೆ ನಿಲ್ಲಿಸಬಾರದು. ಪ್ರಾರ್ಥನೆಯ ಸಮಯದಲ್ಲಿ ‘ನಾವು’ ಎನ್ನಲಿ. ಆ ಹೊತ್ತಿನಲ್ಲಿ ಮೌನವಾಗಿರಬಯಸುವ ಮಗುವಿಗೆ ಗೌರವದ ಎಡೆಯೂ ಇರಲಿ. ಪಾಠದ ಸಮಯದಲ್ಲಿ ‘ಅವರು’, ‘ಇವರು’, ‘ಕೆಲವರು’ ಎಂಬ ಪದಗಳಿಂದ ಎಲ್ಲರ ಮನೆಗಳ ಆಚರಣೆಯೂ ಸಮಾನ ಗೌರವದಿಂದ ಕಪ್ಪುಹಲಗೆಯ ಮೇಲೆ ಬರಲಿ. ಇಷ್ಟಲಿಂಗ ಪೂಜೆಯನ್ನು ವಿವರಿಸುವಷ್ಟೇ ಶ್ರದ್ಧೆಯಿಂದ ಸಹಪಾಠಿಯ ಮನೆಯ ನಮಾಜನ್ನೂ, ಬಸದಿಯ ಪೂಜೆಯನ್ನೂ ವಿವರಿಸಬಲ್ಲ ಉಪಾಧ್ಯಾಯರೇ ಈ ವಿಷಯವನ್ನು ಕಲಿಸಲು ಅಧಿಕಾರಿಗಳು.

ಇದಕ್ಕೆ ಬೇಕಾಗುವ ಸಾಮಗ್ರಿ ಅಲ್ಪ. ಒಂದು ತಟ್ಟೆ, ಕೆಲವು ಪೂಜಾವಸ್ತುಗಳು, ಊರಿನ ಗುಡಿ, ಮಸೀದಿ, ಬಸದಿ, ಇಗರ್ಜಿಗಳಿಗೆ ವರ್ಷಕ್ಕೊಮ್ಮೆ ಒಂದು ನಡಿಗೆ, ಮಕ್ಕಳ ಅಜ್ಜ ಅಜ್ಜಿಯರನ್ನು ಒಂದು ದಿನ ತರಗತಿಗೆ ಬರಮಾಡಿಕೊಳ್ಳುವ ಸೌಜನ್ಯ. ಕಟ್ಟಡಗಳಿಗೆ ಉದಾರವಾಗಿ ನೆರವು ನೀಡುತ್ತ ಬಂದಿರುವ ದಾನಿಗಳು ಇಂಥ ಸಣ್ಣ ಕಾರ್ಯಗಳತ್ತಲೂ ದೃಷ್ಟಿ ಹಾಯಿಸಿದರೆ ಅದರ ಫಲ ದೊಡ್ಡದು.

ಲಂಡನ್ನಿನ ಥೇಮ್ಸ್ ನದಿಯ ದಂಡೆಯ ಮೇಲೆ, ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನಲ್ಲಿ, 2015ರ ನವೆಂಬರ್ 14ರಂದು ಬಸವಣ್ಣನವರ ಪ್ರತಿಮೆ ಅನಾವರಣಗೊಂಡಿತು. ಆ ದಾರಿಯಲ್ಲಿ ಹೋಗುವ ಇಂಗ್ಲಿಷ್ ಮಗುವೊಂದು ‘ಇವರು ಯಾರು?’ ಎಂದು ತನ್ನ ಉಪಾಧ್ಯಾಯಿನಿಯನ್ನು ಕೇಳಬಹುದು. ಆಕೆ ಆ ಧರ್ಮದವಳಲ್ಲ. ಆದರೂ ನ್ಯಾಯವಾಗಿ, ಆದರದಿಂದ, ಇದ್ದುದನ್ನು ಇದ್ದಂತೆ ಉತ್ತರಿಸಲಿ ಎಂದು ನಾವು ಬಯಸುತ್ತೇವೆ. ನಮ್ಮ ತರಗತಿಯಲ್ಲಿ ಕುಳಿತ ಅನ್ಯಮತದ ಮಗುವಿನ ತಂದೆತಾಯಿಗಳೂ ನಮ್ಮಿಂದ ಬಯಸುವುದು ಅದನ್ನೇ. ಆ ನ್ಯಾಯವನ್ನು ಎಳೆಯ ತರಗತಿಯಿಂದಲೇ ರೂಢಿಸಿಕೊಂಡ ಶಾಲೆಗೆ ಶ್ರದ್ಧೆಯೂ ವಿವೇಕವೂ ಜೊತೆಯಾಗಿ ಬೆಳೆಯುವುದರಲ್ಲಿ ಸಂದೇಹವಿಲ್ಲ.